ಧಾತು ಈಶ್ವರದ ಮುಖಗಳು

ಧಾತು ಸಂವತ್ಸರ ಕಾಲಿಟ್ಟಾಗ ತುಮಕೂರು ಸೀಮೆಯ ಒಕ್ಕಲು ಮಕ್ಕಳು ಮುಗಿಲು ನೋಡುತ್ತ ಕುಳಿತಿದ್ದರು. ಕ್ರಿ.ಶ. 1876ನೆಯ ಇಸವಿ. ಹಿಂದಿನ ವರ್ಷದ ಮಳೆ ಅರೆಬರೆ. ಈ ವರ್ಷ ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ. ಗುಬ್ಬಿ, ಕುಣಿಗಲ್ಲುಗಳ ಬೆದ್ದಲಿನಲ್ಲಿ ರಾಗಿ ತೆನೆಗಟ್ಟಲಿಲ್ಲ. ಹಗೇವಿನಲ್ಲಿ ಹುಗಿದಿಟ್ಟ ರಾಗಿ ವರ್ಷಗಟ್ಟಲೆ ಕೆಡದೆಂಬ ಭರವಸೆಯ ಮೇಲೆ ಆ ನಾಡಿನ ತಲೆಮಾರುಗಳು ಬಾಳಿದ್ದವು. ಆ ಹಗೇವುಗಳೂ ಬರಿದಾದವು. ಮರುವರ್ಷ, ಈಶ್ವರ ಸಂವತ್ಸರದಲ್ಲಿ, ಜನ ಊರು ಬಿಟ್ಟು ದಾರಿ ಹಿಡಿದರು. ಹಿರಿಯರ ನಾಲಗೆಯ ಮೇಲೆ ಅದು ‘ಧಾತು ಈಶ್ವರದ ಬರ’ ಎಂದೇ ನಿಂತಿತು.

ಮೈಸೂರು ಆಗ ಬ್ರಿಟಿಷರ ಕಮಿಷನರುಗಳ ಕೈಯಲ್ಲಿತ್ತು. 1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟ್ಟನ್ನನ ದರ್ಬಾರು ನಡೆದು, ವಿಕ್ಟೋರಿಯಾ ಭಾರತದ ಚಕ್ರವರ್ತಿನಿಯೆಂದು ಘೋಷಣೆಯಾಯಿತು. ಅದೇ ತಿಂಗಳುಗಳಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಮದರಾಸಿನ ಬರಗಾಲದ ಕಾಮಗಾರಿಗಳಲ್ಲಿ ಆಳಿನ ಕೂಲಿ ಇಳಿಸಿದನು: ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಒಂದಾಣೆ. ಕಾಗದದ ಮೇಲೆ ‘ಒಂದು ಪೌಂಡು’ ಎಂಬುದು ಸರಳ ಲೆಕ್ಕ. ಕಲ್ಲು ಒಡೆಯುವ ಮೈಗೆ ಅದು ಏನು ಮಾಡಿತೆಂಬುದನ್ನು ಯಾವ ವರದಿಯೂ ಕಣ್ಣಿಗೆ ಕಟ್ಟುವಂತೆ ಹೇಳಲಿಲ್ಲ.

ಅದನ್ನು ಹೇಳಿದ್ದು ಒಂದು ಕ್ಯಾಮೆರಾ. ಮದರಾಸಿನ ಸೇನಾಧಿಕಾರಿ ವಿಲ್ಲೋಬಿ ವಾಲೆಸ್ ಹೂಪರ್ ಹಸಿದವರನ್ನು ಸಾಲಾಗಿ ಕೂರಿಸಿ, ನಿಲ್ಲಿಸಿ ಪಟ ತೆಗೆದನು. ಎಣಿಸಬಹುದಾದ ಪಕ್ಕೆಲುಬುಗಳು, ಕೋಲಿನಂಥ ಕಾಲುಗಳು, ತಾಯ ಮಡಿಲಲ್ಲಿ ಮುದುಕರ ಮುಖ ಹೊತ್ತ ಮಕ್ಕಳು. ಒಂದು ಪಟಕ್ಕೆ ಕೊಟ್ಟ ತಲೆಬರಹದ ಅರ್ಥ, ಪುಕ್ಕಟೆ ನೆರವಿಗೆ ಯೋಗ್ಯರಾದವರು ಎಂದು. ಕೆಳಗೆ ಅಷ್ಟು ತಣ್ಣನೆಯ ಮಾತು, ಮೇಲೆ ಆ ಕಣ್ಣುಗಳು! ಅವರಲ್ಲಿ ಯಾರ ಹೆಸರನ್ನೂ ಅಲ್ಲಿ ಬರೆದಿಲ್ಲ. ಹೂಪರನ ಮನಸ್ಸಿನಲ್ಲಿ ಕರುಣೆ ಇತ್ತೆಂದು ನಾನು ವಾದಿಸಲಾರೆ. 1886ರಲ್ಲಿ ಬರ್ಮಾದಲ್ಲಿ ಕೈದಿಗಳನ್ನು ಗುಂಡಿಕ್ಕಿ ಕೊಲ್ಲುವ ಗಳಿಗೆಯನ್ನೇ ಪಟ ಹಿಡಿಯಲು ಹೋಗಿ ಛೀಮಾರಿಗೆ ಗುರಿಯಾದವನು ಅವನು. ಆದರೆ ಪಟ ತೆಗೆದವನ ಎದೆಯನ್ನೂ ಮೀರಿ ಆ ಪಟಗಳು ಸಾಕ್ಷಿ ನುಡಿದವು. ಕಡಲಾಚೆ ಆಸ್ಟ್ರೇಲಿಯಾದಲ್ಲಿ, ಈ ನಾಡಿನ ಹೆಸರನ್ನೇ ಕೇಳದ ಜನ ಅವನ್ನು ಕಂಡು ಹಣ ಕೂಡಿಸಿದರು.

ಅಂದಿನ ಅಚ್ಚುಕೂಟಗಳಿಗೆ ಛಾಯಾಚಿತ್ರವನ್ನು ಇದ್ದಂತೆಯೇ ಪತ್ರಿಕೆಯಲ್ಲಿ ಮುದ್ರಿಸುವ ವಿದ್ಯೆ ಇನ್ನೂ ಕೈಸೇರಿರಲಿಲ್ಲ. ಪಟವನ್ನೋ ರೇಖಾಚಿತ್ರವನ್ನೋ ಕೆತ್ತನೆಗಾರರು ಮರದ ಅಚ್ಚಿನಲ್ಲಿ ಕೊರೆಯಬೇಕಿತ್ತು. ಹಾಗೆ ಕೊರೆದ ಒಂದು ಚಿತ್ರ 1877ರ ಅಕ್ಟೋಬರ್ 20ರ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಲ್ಲಿ ಬಂದಿತು: ಬೆಂಗಳೂರಿನಲ್ಲಿ ನೆರವಿಗಾಗಿ ಕಾದ ಜನ.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು ಐವತ್ತೂವರೆ ಲಕ್ಷ. 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ತುಸು ಕಡಿಮೆ. ಅದೇ ವರ್ಷ ಮಾರ್ಚ್ 25ರಂದು ಸಂಸ್ಥಾನ ಒಡೆಯರ ಕೈಗೆ ಮರಳಿತು. ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ಬರ ಕಲಿಸಿದ ಪಾಠದಿಂದ ರೈಲು ಹಾದಿಗಳಿಗೆ ಚುರುಕು ಬಂದು, 1884ರಲ್ಲಿ ಬೆಂಗಳೂರಿನಿಂದ ಹೊರಟ ಉಗಿಬಂಡಿ ತುಮಕೂರು ದಾಟಿ ಗುಬ್ಬಿ ಮುಟ್ಟಿತು. ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದೂ ಆ ವರ್ಷವೇ. ಏಳೇ ವರ್ಷದ ಹಿಂದೆ ಗಂಜಿಗೆ ಸಾಲು ನಿಂತ ಸೀಮೆಯ ಜನ ದೀಪದ ಬೆಳಕಿನ ಮುಂದೆ ಕೂತು ರಾಜರಾಣಿಯರ ಕಥೆ ನೋಡತೊಡಗಿದರು.

ಜನಗಣತಿಯ ಎಂಟು ಲಕ್ಷಕ್ಕೂ ಮೀರಿದ ಆ ಇಳಿಕೆಯನ್ನು ಎಷ್ಟು ಸಲ ಓದಿದರೂ ಅದು ನನಗೆ ಅಂಕಿಯಾಗಿಯೇ ಉಳಿಯುತ್ತದೆ. ಬೆಂಗಳೂರಿನ ಆ ಚಿತ್ರ ಹಾಗಲ್ಲ. ಸುತ್ತಲ ಜಿಲ್ಲೆಗಳಿಂದ ನಡೆದುಬಂದವರು ತುಂಬಿಕೊಂಡಿದ್ದ ಊರದು. ಆ ಚಿತ್ರವನ್ನು ತೆರೆದಾಗಲೆಲ್ಲ, ಕುಣಿಗಲ್ಲಿನ ದಾರಿಯಿಂದ ಬಂದವರು ಇವರಲ್ಲಿ ಯಾರಿರಬಹುದೆಂದು ಒಂದೊಂದೇ ಮುಖ ಹುಡುಕುತ್ತೇನೆ.