ಹೊಡೆಯಲು ಒಂದು ಗುಂಡು, ಹೊರಲು ಒಂದು ದಿನ: ನ್ಯೂಜಿಲೆಂಡ್‌ನ ಜಿಂಕೆ ಹೊತ್ತವರು

ಬೆಟ್ಟದ ಮೇಲೆ ಜಿಂಕೆ ಹೊಡೆಯಲು ಒಂದು ಗುಂಡು ಸಾಕು. ಅದನ್ನು ಕೆಳಗೆ ರಸ್ತೆಗೆ ತರಲು ಬೆನ್ನು ಬೇಕು, ಮೊಣಕಾಲು ಬೇಕು, ಕೆಲವೊಮ್ಮೆ ಇಡೀ ದಿನ ಬೇಕು. ನ್ಯೂಜಿಲೆಂಡ್ ಎಂಬ ಪುಟ್ಟ ದೇಶದಲ್ಲಿ ನೂರು ವರ್ಷ ನಡೆದ ಜಿಂಕೆ ಬೇಟೆಯ ಚರಿತ್ರೆ ನಿಜವಾಗಿ ಬಂದೂಕಿಗಿಂತ ಹೆಚ್ಚಾಗಿ ಈ ಹೊರೆಯ ಚರಿತ್ರೆ.

ಅಲ್ಲಿ ಜಿಂಕೆ ಮೊದಲು ಅತಿಥಿಯಾಗಿತ್ತು. ಆಮೇಲೆ ಪೀಡೆಯಾಯಿತು. ಆಮೇಲೆ ರಫ್ತಿನ ಮಾಂಸವಾಯಿತು. ಕೊನೆಗೆ ಬೇಲಿಯೊಳಗಿನ ಸಾಕುಪ್ರಾಣಿಯಾಯಿತು. ಕಾಡಿನ ಜಿಂಕೆಗೆ ಎಷ್ಟು ಬೆಲೆ ಎಂಬುದು ಅದನ್ನು ಬೆಟ್ಟದಿಂದ ಯಾರು, ಹೇಗೆ ಇಳಿಸುತ್ತಾರೆ ಎಂಬುದರ ಮೇಲೆ ನಿಂತಿತ್ತು.

ಮೊದಲೇ ಒಂದು ಮಾತು ಹೇಳಿಬಿಡೋಣ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ ಬೇಟೆ ಅಪರಾಧ. ನಮ್ಮ ಜಿಂಕೆ ಇದೇ ಮಣ್ಣಿನದ್ದು, ಹುಲಿ ಚಿರತೆಗಳ ಆಹಾರ. ನ್ಯೂಜಿಲೆಂಡ್‌ನ ಜಿಂಕೆ ಕಥೆ ಶುರುವಾಗುವುದೇ ಬೇರೆ ಕಡೆಯಿಂದ.

ಹಡಗಿನಲ್ಲಿ ಬಂದ ಅತಿಥಿ

ಮನುಷ್ಯ ಕಾಲಿಡುವ ಮೊದಲು ನ್ಯೂಜಿಲೆಂಡ್‌ನ ನೆಲದ ಮೇಲೆ ಬಾವಲಿ ಬಿಟ್ಟರೆ ಮೊಲೆಯುಣಿಸುವ ಪ್ರಾಣಿಯೇ ಇರಲಿಲ್ಲ. ಹುಲಿಯಿಲ್ಲ, ತೋಳವಿಲ್ಲ, ಜಿಂಕೆಯೂ ಇಲ್ಲ. ಅಲ್ಲಿನ ಗಿಡಮರಗಳು ಹಕ್ಕಿಗಳ ಜೊತೆ ಬೆಳೆದವೇ ಹೊರತು ಮೇಯುವ ನಾಲ್ಕು ಕಾಲಿನ ಪ್ರಾಣಿಯನ್ನು ಕಂಡಿರಲಿಲ್ಲ.

19ನೇ ಶತಮಾನದಲ್ಲಿ ಬ್ರಿಟನ್‌ನಿಂದ ಬಂದು ನೆಲೆಸಿದವರು ಊರಿನ ನೆನಪಿಗೆ ಪ್ರಾಣಿ ಪಕ್ಷಿಗಳನ್ನು ಹಡಗಿನಲ್ಲಿ ತರಿಸಿಕೊಂಡರು. 1851ರಲ್ಲಿ ಮೊದಲ ಕೆಂಪು ಜಿಂಕೆ ನೆಲ್ಸನ್ ಪ್ರದೇಶಕ್ಕೆ ಬಂತು. 1871ರಲ್ಲಿ ಸ್ಕಾಟ್ಲೆಂಡ್‌ನಿಂದ ತಂದ ಜಿಂಕೆಗಳನ್ನು ದಕ್ಷಿಣ ದ್ವೀಪದ ಒಟಾಗೋದಲ್ಲಿ ಬಿಟ್ಟರು. ಇದು ನಮ್ಮ ಚುಕ್ಕೆ ಜಿಂಕೆಯಷ್ಟು ಚಿಕ್ಕದಲ್ಲ. ಗಂಡು ಒಂದು ಕ್ವಿಂಟಲ್ ಮೀರಿ ತೂಗುತ್ತದೆ. ನಮಗೆ ಪರಿಚಯದ ಕಡವೆಯೂ ಅಲ್ಲಿಗೆ ಹೋಗಿದೆ. 1875ರ ಹೊತ್ತಿಗೆ ಶ್ರೀಲಂಕಾದಿಂದ ಒಯ್ದ ಕಡವೆಗಳ ಸಂತತಿ ಉತ್ತರ ದ್ವೀಪದಲ್ಲಿ ಇವತ್ತಿಗೂ ಇದೆ. 1905ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಉಡುಗೊರೆಯಾಗಿ ಕೊಟ್ಟ ವಾಪಿಟಿ ಎಂಬ ದೊಡ್ಡ ಜಿಂಕೆಗಳನ್ನು ಫಿಯೋರ್ಡ್‌ಲ್ಯಾಂಡ್‌ನಲ್ಲಿ ಬಿಟ್ಟರು.

ಯಾಕೆ ಇಷ್ಟು ಆಸೆ? ಸ್ಕಾಟ್ಲೆಂಡ್‌ನಲ್ಲಿ ಜಿಂಕೆ ಬೇಟೆ ಜಮೀನ್ದಾರರ ಆಟ. ಗುಂಡು ಹೊಡೆಯುವವರು ದೊರೆಗಳು. ಸತ್ತ ಜಿಂಕೆಯನ್ನು ಎಳೆದು, ಗಿಡ್ಡ ಕಾಲಿನ ಬೆಟ್ಟದ ಕುದುರೆಯ ಬೆನ್ನಿಗೆ ಬಿಗಿದು ಮನೆಗೆ ಮುಟ್ಟಿಸುವವರು ಆಳುಗಳು. ಹೊಸ ದೇಶದಲ್ಲಿ ಲೈಸೆನ್ಸ್ ಪಡೆದ ಯಾರು ಬೇಕಾದರೂ ಬೇಟೆಯಾಡಬಹುದು ಎಂಬುದು ವಲಸಿಗರ ಕನಸು. ಕನಸು ನಿಜವಾಯಿತು. ಆದರೆ ಹೊರುವ ಆಳು ಮತ್ತು ಕುದುರೆ ಎಲ್ಲರಿಗೂ ಸಿಗಲಿಲ್ಲ. ಹೊಡೆದವನೇ ಹೊರಬೇಕಾಯಿತು.

ಬಾಲಕ್ಕೆ ಕೂಲಿ

ಶತ್ರುವಿಲ್ಲದ ಕಾಡಿನಲ್ಲಿ ಜಿಂಕೆ ಬೆಳೆದ ಪರಿ ಊಹಿಸಿಕೊಳ್ಳಿ. ಐವತ್ತು ವರ್ಷದಲ್ಲಿ ಬೆಟ್ಟ ತುಂಬಿತು. ಸಸಿಗಳು ಮರವಾಗುವ ಮೊದಲೇ ಜಿಂಕೆಯ ಬಾಯಿಗೆ ಹೋದವು. ಕುರಿ ಸಾಕುವವರು ತಮ್ಮ ಹುಲ್ಲು ಹೋಯಿತು ಎಂದರು. ಅರಣ್ಯದವರು ಮಣ್ಣು ಕುಸಿಯುತ್ತಿದೆ, ಕೆಳಗಿನ ಊರಿಗೆ ನೆರೆ ಬರುತ್ತದೆ ಎಂದರು. ಎಲ್ಲ ಕುಸಿತಕ್ಕೂ ಜಿಂಕೆಯೇ ಕಾರಣ ಎಂಬುದನ್ನು ಮುಂದೆ ವಿಜ್ಞಾನಿಗಳು ಪೂರ್ತಿ ಒಪ್ಪಲಿಲ್ಲ. ಆದರೆ ಕಾಡಿನ ಕೆಳಗಿನ ಹಸಿರು ಬೋಳಾದದ್ದು ಕಣ್ಣಿಗೆ ಕಾಣುತ್ತಿತ್ತು.

1930ರಲ್ಲಿ ಜಿಂಕೆಗೆ ಇದ್ದ ಕಾನೂನಿನ ರಕ್ಷಣೆಯನ್ನು ಪೂರ್ತಿ ತೆಗೆದರು. 1931ರಿಂದ ಸರ್ಕಾರವೇ ಸಂಬಳ ಕೊಟ್ಟು ಬೇಟೆಗಾರರನ್ನು ಬೆಟ್ಟಕ್ಕೆ ಕಳಿಸಿತು. ಈ ಕೆಲಸದ ಮುಂದಾಳು ಕ್ಯಾಪ್ಟನ್ ಯೆರೆಕ್ಸ್ ಎಂಬ ಅಧಿಕಾರಿ. ಬೇಟೆಗಾರರಿಗೆ ಕಲ್ಲರ್ ಎಂದು ಹೆಸರು. ಹೆಚ್ಚಿನವರು ಹುಡುಗರು. ಆರ್ಥಿಕ ಕುಸಿತದ ಕಾಲ, ಬೇರೆ ಕೆಲಸ ಸಿಗುತ್ತಿರಲಿಲ್ಲ.

ಅವರು ಹೋದ ಜಾಗ ಎಂಥದ್ದು? ದಕ್ಷಿಣ ದ್ವೀಪದ ಬೆನ್ನೆಲುಬಿನ ಹಾಗೆ ಸುಮಾರು 500 ಕಿಲೋಮೀಟರ್ ಉದ್ದದ ಸದರ್ನ್ ಆಲ್ಪ್ಸ್ ಪರ್ವತ. ಅತಿ ಎತ್ತರದ ಶಿಖರ 3,724 ಮೀಟರ್. ಪಶ್ಚಿಮದ ಇಳಿಜಾರಿನಲ್ಲಿ ಆಗುಂಬೆಗೆ ಹತ್ತಿರದ ಮಳೆ, ಅದೂ ನಮ್ಮ ಮಳೆಗಾಲದ ಹಾಗೆ ನಾಲ್ಕು ತಿಂಗಳಲ್ಲ, ವರ್ಷವಿಡೀ. ಮೇಲೆ ಹಿಮ, ಕೆಳಗೆ ಪೊದೆಗಾಡು, ನಡುವೆ ಸೇತುವೆಯಿಲ್ಲದ ತಣ್ಣನೆಯ ಹೊಳೆ. ಆ ದೇಶದಲ್ಲಿ ಹೊಳೆ ದಾಟುವಾಗ ಮುಳುಗಿ ಸಾಯುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ ಅದಕ್ಕೆ ನ್ಯೂಜಿಲೆಂಡ್ ಸಾವು ಎಂದೇ ಹೆಸರು ಬಿದ್ದಿತ್ತು.

ಹಿಟ್ಟು, ಸಕ್ಕರೆ, ಟೀ ಪುಡಿ, ಗುಂಡು, ಟೆಂಟು ಎಲ್ಲವನ್ನೂ ಕಣಿವೆಯ ಬಾಯಿಯವರೆಗೆ ಕುದುರೆ ಒಯ್ಯುತ್ತಿತ್ತು. ಅಲ್ಲಿಂದ ಮುಂದೆ ಬೆನ್ನು. ಇಂಥಲ್ಲಿ ಹೊಡೆದ ಜಿಂಕೆಯ ದೇಹವನ್ನು ಹೊರಗೆ ತರುವ ಮಾತೇ ಇಲ್ಲ. ತೊಗಲಿಗೆ ಬೆಲೆ ಇದ್ದಾಗ ಸುಲಿದು, ಕ್ಯಾಂಪಿನಲ್ಲಿ ಗಳುವಿನ ಮೇಲೆ ಒಣಗಿಸಿ, ಕಟ್ಟು ಕಟ್ಟಿ ಕುದುರೆಗೆ ಹೇರುತ್ತಿದ್ದರು. ಬೆಲೆ ಇಲ್ಲದಾಗ ಲೆಕ್ಕಕ್ಕೆ ಬಾಲ ಕೊಯ್ದು ತಂದರೆ ಸಾಕಿತ್ತು. ಬಾಲ ಎಣಿಸಿ ಸಂಬಳದ ಮೇಲೆ ಬೋನಸ್ ಕೊಡುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಕ್ವಿಂಟಲ್ ಪ್ರಾಣಿಯಲ್ಲಿ ಸರ್ಕಾರ ದುಡ್ಡು ಕೊಟ್ಟದ್ದು ಜೇಬಿನಲ್ಲಿ ಹಿಡಿಯುವ ಭಾಗಕ್ಕೆ. ಏಕೆಂದರೆ ಒಬ್ಬ ಮನುಷ್ಯ ಅಲ್ಲಿಂದ ಹೊತ್ತು ತರಬಲ್ಲದ್ದು ಅಷ್ಟೇ. ಮಾಂಸವೆಲ್ಲ ಬೆಟ್ಟದಲ್ಲೇ ಕೊಳೆಯಿತು. ಸಾವಿರ ಸಾವಿರ ಜಿಂಕೆ ಸತ್ತವು. ಆದರೂ ಬೆಟ್ಟ ಖಾಲಿಯಾಗಲಿಲ್ಲ.

1956ರಲ್ಲಿ ಈ ಕೆಲಸ ಅರಣ್ಯ ಇಲಾಖೆಯ ಕೈಗೆ ಬಂತು. ಇಲಾಖೆ ಬೆಟ್ಟದಲ್ಲಿ ನೂರಾರು ಗುಡಿಸಲು ಕಟ್ಟಿತು, ಕಾಲುದಾರಿ ಕಡಿಸಿತು, ಹೊಳೆಗೆ ತಂತಿ ಸೇತುವೆ ಹಾಕಿಸಿತು. ಇದೇ ಕಾಲದಲ್ಲಿ ಕಲ್ಲರ್ ಆಗಿ ದುಡಿದ ಬ್ಯಾರಿ ಕ್ರಂಪ್ 1960ರಲ್ಲಿ ಆ ಬದುಕಿನ ಬಗ್ಗೆ ಬರೆದ ಪುಸ್ತಕ ದೇಶದಲ್ಲಿ ಮನೆಮಾತಾಯಿತು.

ಬೆನ್ನೇ ಗಾಡಿ

1950ರ ದಶಕದ ಕೊನೆಗೆ ಯುರೋಪಿನಲ್ಲಿ, ಅದರಲ್ಲೂ ಪಶ್ಚಿಮ ಜರ್ಮನಿಯಲ್ಲಿ, ಕಾಡು ಜಿಂಕೆಯ ಮಾಂಸಕ್ಕೆ ಬೇಡಿಕೆ ಬಂತು. ಬೆಟ್ಟದಲ್ಲಿ ಕೊಳೆಯುತ್ತಿದ್ದದ್ದಕ್ಕೆ ಒಮ್ಮೆಲೇ ತೂಕದ ಲೆಕ್ಕದಲ್ಲಿ ದುಡ್ಡು. ಬಾಲ ತಂದರೆ ಸಾಲದು, ಈಗ ಇಡೀ ದೇಹ ಬೇಕು. ಅದೂ ಕೆಡುವ ಮೊದಲು.

ಆಗ ಶುರುವಾಯಿತು ನಿಜವಾದ ಹೊರೆ. ಹೊಡೆದ ಕೂಡಲೇ ಹೊಟ್ಟೆ ಸೀಳಿ ಕರುಳು ತೆಗೆಯಬೇಕು, ಇಲ್ಲದಿದ್ದರೆ ಮೈಯ ಬಿಸಿಗೆ ಮಾಂಸ ಕೆಡುತ್ತದೆ. ತಲೆ ಕಡಿದು ಭಾರ ಇಳಿಸಬೇಕು. ಹಿಂಗಾಲಿನ ಹಿಮ್ಮಡಿಯ ನರದ ಹಿಂದೆ ಚಾಕುವಿನಿಂದ ಸಂದು ಮಾಡಿ, ಅದರೊಳಗೆ ಮುಂಗಾಲು ತೂರಿಸಿ, ಜಾರದಂತೆ ಅಡ್ಡ ಸಿಕ್ಕಿಸಿದರೆ ಎರಡು ಕುಣಿಕೆಗಳಾಗುತ್ತವೆ. ಆ ಕುಣಿಕೆಗೆ ತೋಳು ತೂರಿಸಿ, ಶಾಲೆಯ ಮಕ್ಕಳು ಬ್ಯಾಗ್ ಹಾಕಿಕೊಳ್ಳುವ ಹಾಗೆ ಜಿಂಕೆಯನ್ನೇ ಬೆನ್ನಿಗೆ ಹಾಕಿಕೊಳ್ಳುವುದು. ಹಗ್ಗ ಬೇಡ, ಚೀಲ ಬೇಡ.

ಆದರೆ ನೆಲದಲ್ಲಿ ಕೂತು ಹಾಕಿಕೊಂಡವನು ಏಳುವುದೇ ಕಷ್ಟ. ಇಳಿಜಾರಿನಲ್ಲಿ ಕಾಲು ಜಾರಿದರೆ ಹೊರೆಯೇ ಮನುಷ್ಯನನ್ನು ಕೆಡವುತ್ತದೆ. ಹೊಳೆಯಲ್ಲಿ ಬಿದ್ದರೆ ಕುಣಿಕೆಯಿಂದ ತೋಳು ಬಿಡಿಸಿಕೊಳ್ಳಲು ಆಗಬೇಕು. ಬೆನ್ನ ಮೇಲೆ ರಕ್ತ ಸೋರುತ್ತದೆ, ಬಟ್ಟೆ ಅಂಟುತ್ತದೆ. ಇಷ್ಟಾಗಿ ರಸ್ತೆಗೆ ಬಂದರೆ ಒಂದು ಜಿಂಕೆ. ಇನ್ನೊಂದು ಇನ್ನೂ ಮೇಲೆಯೇ ಇದೆ.

ರಸ್ತೆಯಿಲ್ಲದ ಊರಿನಿಂದ ರೋಗಿಯನ್ನು ಕಂಬಳಿಯ ಜೋಳಿಗೆಯಲ್ಲಿ ಹೊತ್ತು ತಂದ ಮಲೆನಾಡಿನವರಿಗೆ ಈ ಭಾರ ವಿವರಿಸಬೇಕಾಗಿಲ್ಲ. ಬೆಟ್ಟದಲ್ಲಿ ಒಂದು ಕಿಲೋಮೀಟರ್ ಎಂದರೆ ನಕ್ಷೆಯ ಕಿಲೋಮೀಟರ್ ಅಲ್ಲ.

ಹೊರೆ ಕಡಿಮೆ ಮಾಡಲು ಜನ ಏನೇನೋ ಮಾಡಿದರು. ಕುದುರೆ ಬಳಸಿದರು. ಕಣಿವೆಯ ಹುಲ್ಲುಗಾವಲಲ್ಲಿ ಸಣ್ಣ ವಿಮಾನ ಇಳಿಸಿದರು. ಬಿಲ್ ಹ್ಯಾಮಿಲ್ಟನ್ ಎಂಬ ಅಲ್ಲಿನದೇ ಕುರಿ ಸಾಕಣೆಗಾರ 1950ರ ದಶಕದಲ್ಲಿ ರೂಪಿಸಿದ ಜೆಟ್ ಬೋಟ್, ಮೊಣಕಾಲುದ್ದ ನೀರಿಲ್ಲದ ಹೊಳೆಯಲ್ಲೂ ಓಡುತ್ತಿತ್ತು. ಆದರೆ ವಿಮಾನಕ್ಕೂ ಬೋಟಿಗೂ ಮುಟ್ಟಿಸುವ ತನಕ ಬೆನ್ನೇ ಗಾಡಿ.

ಆಕಾಶದಿಂದ ಕೊಕ್ಕೆ

1963ರಲ್ಲಿ ವನಾಕಾ ಊರಿನ ಹತ್ತಿರದ ಮಟುಕಿಟುಕಿ ಕಣಿವೆಯಲ್ಲಿ ಟಿಮ್ ವಾಲಿಸ್ ಎಂಬ ಯುವಕ ಮತ್ತು ಜೊತೆಗಾರರು ಸಣ್ಣ ಹೆಲಿಕಾಪ್ಟರ್ ಬಾಡಿಗೆಗೆ ತಂದು ಪರೀಕ್ಷೆ ಮಾಡಿದರು. ಬೇಟೆಗಾರರು ಕಾಲ್ನಡಿಗೆಯಲ್ಲೇ ಹೋಗಿ ಹೊಡೆಯುವುದು, ಹೆಲಿಕಾಪ್ಟರ್ ಬಂದು ಹೊರುವುದು. ಗಂಟೆಗಟ್ಟಲೆ ಹೊರಬೇಕಿದ್ದದ್ದು ನಿಮಿಷಗಳಲ್ಲಿ ಕೆಳಗಿಳಿಯಿತು. ಬಾಡಿಗೆ ಕಳೆದರೂ ಲಾಭ ಉಳಿಯುತ್ತದೆ ಎಂದು ಗೊತ್ತಾದ ಮೇಲೆ ಹಿಂತಿರುಗಿ ನೋಡುವ ಮಾತಿರಲಿಲ್ಲ.

ಕೆಲವೇ ವರ್ಷದಲ್ಲಿ ಹೊಡೆಯುವುದೂ ಹೆಲಿಕಾಪ್ಟರಿನಿಂದಲೇ ಆಯಿತು. ಒಬ್ಬ ಪೈಲಟ್, ಬಾಗಿಲಲ್ಲಿ ಒಬ್ಬ ಬಂದೂಕಿನವನು, ಕರುಳು ತೆಗೆಯಲು ಇನ್ನೊಬ್ಬ. ಈ ಮೂರನೆಯವನ ಕೆಲಸ ಹೆಚ್ಚು ಜನಕ್ಕೆ ಗೊತ್ತಿಲ್ಲ. ಹೆಲಿಕಾಪ್ಟರ್ ಇಳಿಯಲಾಗದ ಕಡಿದಾದ ಜಾಗದಲ್ಲಿ ಅವನು ಹಾರಿ ಇಳಿಯಬೇಕು, ಸತ್ತ ಜಿಂಕೆಗಳನ್ನು ಹುಡುಕಿ ಹೊಟ್ಟೆ ಸೀಳಬೇಕು, ಕಾಲಿಗೆ ಹಗ್ಗ ಬಿಗಿದು ಕಾಯಬೇಕು. ರೆಕ್ಕೆ ತಲೆಯ ಮೇಲೆ ತಿರುಗುತ್ತಿರುವಾಗ ಕೊಕ್ಕೆಗೆ ಸಿಕ್ಕಿಸಬೇಕು. ಗೊಂಚಲು ಕಟ್ಟಿದ ಜಿಂಕೆಗಳು ಗಾಳಿಯಲ್ಲಿ ತೂಗುತ್ತ ಕೆಳಗೆ ಹೋಗುತ್ತಿದ್ದವು. ಫಿಯೋರ್ಡ್‌ಲ್ಯಾಂಡ್‌ನ ದಾರಿಯಿಲ್ಲದ ಕಡಲತೀರದಲ್ಲಿ ಶೀತಲ ಕೋಣೆಯಿರುವ ಹಡಗುಗಳನ್ನೇ ನಿಲ್ಲಿಸಿದ್ದರು.

ಬೆನ್ನಿನ ಭಾರ ಹೋಯಿತು, ಪ್ರಾಣದ ಭಾರ ಬಂತು. ಮಂಜು, ತಂತಿ, ಕಣಿವೆಯ ಸುಳಿಗಾಳಿ, ಮಿತಿ ಮೀರಿದ ಹೇರು. ಬಹಳ ಹೆಲಿಕಾಪ್ಟರ್‌ಗಳು ಬಿದ್ದವು, ಬಹಳ ಹುಡುಗರು ಸತ್ತರು. ಟಿಮ್ ವಾಲಿಸ್ ಕೂಡ 1968ರಲ್ಲಿ ವಿದ್ಯುತ್ ತಂತಿಗೆ ತಾಗಿ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಒಂದು ಕಾಲು ಸ್ವಾಧೀನ ಕಳೆದುಕೊಂಡರೂ ಮತ್ತೆ ಹಾರಿದರು. ಯಾವ ಕಣಿವೆ ಯಾರದ್ದು ಎಂಬ ಜಗಳವೂ ಹುಟ್ಟಿತು. ಒಬ್ಬರ ಯಂತ್ರವನ್ನು ಇನ್ನೊಬ್ಬರು ಕೆಡಿಸುವುದು, ಗುಂಡು ಹಾರಿಸುವುದರ ತನಕ ಹೋಯಿತು.

ಮತ್ತು ಬೆನ್ನ ಮೇಲೆ ಹೊತ್ತು ಬದುಕುತ್ತಿದ್ದವರು? ಹೆಲಿಕಾಪ್ಟರ್ ಕೊಳ್ಳುವ ಬಂಡವಾಳ ಅವರಲ್ಲಿರಲಿಲ್ಲ. ಒಂದು ಬೆಳಗ್ಗೆ ಕಣಿವೆಯ ಎಲ್ಲ ಜಿಂಕೆಯನ್ನೂ ಎತ್ತಿಕೊಂಡು ಹೋಗುವ ಯಂತ್ರದ ಮುಂದೆ ದಿನಕ್ಕೆ ಒಂದೆರಡು ಹೊರುವವನಿಗೆ ಏನು ಲೆಕ್ಕ? ಅವರಲ್ಲಿ ಕೆಲವರು ಹೆಲಿಕಾಪ್ಟರ್ ತಂಡಕ್ಕೆ ಸೇರಿದರು, ಉಳಿದವರು ಬೆಟ್ಟ ಬಿಟ್ಟರು.

ಇಲಾಖೆಯ ಬಾಲದ ಬೋನಸ್ ಮೂವತ್ತು ವರ್ಷದಲ್ಲಿ ಮಾಡಲಾಗದ್ದನ್ನು ಮಾಂಸದ ಬೆಲೆ ಮತ್ತು ಹೆಲಿಕಾಪ್ಟರ್ ಹತ್ತೇ ವರ್ಷದಲ್ಲಿ ಮಾಡಿದವು. ಮರದ ಸಾಲಿನ ಮೇಲಿನ ಬಯಲು ಬೆಟ್ಟಗಳಲ್ಲಿ ಜಿಂಕೆ ಕಾಣುವುದೇ ಅಪರೂಪವಾಯಿತು. ದಟ್ಟ ಕಾಡಿನ ಒಳಗೆ, ಆಕಾಶದ ಕಣ್ಣು ಮುಟ್ಟದ ಕಡೆ ಮಾತ್ರ ಉಳಿದವು.

ಜೀವಂತ ತನ್ನಿ

ಜಿಂಕೆ ಕಡಿಮೆಯಾದ ಕೂಡಲೇ ಲೆಕ್ಕ ಮತ್ತೆ ತಿರುಗಿತು. ಕೊಂದು ತರುವ ಬದಲು ಹಿಡಿದು ತಂದು ಸಾಕಿದರೆ? 1969ರಲ್ಲಿ ಜಿಂಕೆ ಸಾಕಣೆಗೆ ಕಾನೂನಿನ ಅನುಮತಿ ಸಿಕ್ಕಿತು. ಮರಿ ಹಾಕುವ ಹೆಣ್ಣಿನ ಬೆಲೆ ಮುಂದಿನ ಹತ್ತು ವರ್ಷದಲ್ಲಿ ಸಾವಿರಾರು ಡಾಲರಿಗೆ ಏರಿತು.

ಓಡುವ ಜಿಂಕೆಯನ್ನು ಗಾಯ ಮಾಡದೆ ಹಿಡಿಯುವುದು ಹೇಗೆ? ಮೊದಮೊದಲು ಹುಡುಗರು ಕೆಳಗೆ ಹಾರುವ ಹೆಲಿಕಾಪ್ಟರಿನಿಂದ ಜಿಂಕೆಯ ಬೆನ್ನ ಮೇಲೆಯೇ ಹಾರಿ, ಕೆಡವಿ, ಕಾಲು ಕಟ್ಟುತ್ತಿದ್ದರು. ಅಮಲು ಬರಿಸುವ ಚುಚ್ಚುಮದ್ದಿನ ಬಾಣ ಬಳಸಿದರು. ಆಮೇಲೆ ಬಲೆ ಹಾರಿಸುವ ಬಂದೂಕು ಬಂತು. ಬಲೆಗೆ ಬಿದ್ದ ಜಿಂಕೆಯ ಕಣ್ಣಿಗೆ ಬಟ್ಟೆ ಕಟ್ಟಿ, ಚೀಲದಲ್ಲಿ ಹಾಕಿ, ಕೊಕ್ಕೆಗೆ ನೇತುಹಾಕಿ ದೊಡ್ಡಿಗೆ ತರುತ್ತಿದ್ದರು. ನಲವತ್ತು ವರ್ಷದ ಹಿಂದೆ ಬಾಲ ಕೊಯ್ದು ಎಸೆದು ಹೋಗುತ್ತಿದ್ದ ಪ್ರಾಣಿಯನ್ನು ಈಗ ಮಗುವಿನಂತೆ ಜೋಪಾನವಾಗಿ ಇಳಿಸುತ್ತಿದ್ದರು.

ಹೀಗೆ ಬಂದ ಜಿಂಕೆಗಳೇ ಅಲ್ಲಿನ ಜಿಂಕೆ ಸಾಕಣೆಯ ಬುನಾದಿ. 2004ರ ಸುಮಾರಿಗೆ ಸಾಕು ಜಿಂಕೆಗಳ ಸಂಖ್ಯೆ 17 ಲಕ್ಷ ದಾಟಿತ್ತು. ಈಗ ಇಳಿದಿದೆ. ಬೇಲಿಯೊಳಗಿನ ಜಿಂಕೆಯನ್ನು ಯಾರೂ ಹೊರಬೇಕಿಲ್ಲ. ಅದೇ ನಡೆದು ಬಂದು ಲಾರಿ ಹತ್ತುತ್ತದೆ.

ಉಳಿದದ್ದೇನು?

ಟಿಮ್ ವಾಲಿಸ್ 2023ರಲ್ಲಿ ತೀರಿಕೊಂಡರು. ಚರಿತ್ರೆಯಲ್ಲಿ ಹೆಲಿಕಾಪ್ಟರ್ ತಂದವರ ಹೆಸರು ಉಳಿಯಿತು. ಅದಕ್ಕೆ ಅವರು ಅರ್ಹರು, ಬೆಲೆಯನ್ನೂ ತೆತ್ತವರು. ಬೆನ್ನ ಮೇಲೆ ಹೊತ್ತವರ, ಕಡಿದಾದ ಇಳಿಜಾರಿನಲ್ಲಿ ನಿಂತು ಕೊಕ್ಕೆ ಸಿಕ್ಕಿಸಿದವರ ಹೆಸರು ಹೆಚ್ಚಾಗಿ ಅವರವರ ಮನೆಗಳಲ್ಲಷ್ಟೇ ಉಳಿದಿದೆ. ಅಡಿಕೆಯಿರಲಿ, ಮರವಿರಲಿ, ಕಲ್ಲಿರಲಿ, ಬೆಟ್ಟದಿಂದ ಇಳಿದ ಸರಕಿನ ದರ ಪಟ್ಟಿಯಲ್ಲಿ ಹೊತ್ತವನ ಹೆಸರು ಇರುವುದಿಲ್ಲ ಎಂಬುದು ನಮಗೂ ಗೊತ್ತಿರುವ ಸಂಗತಿ.

ಆದರೆ ಅವರು ನಡೆದ ದಾರಿ ಇದೆ. ಜಿಂಕೆ ಹೊಡೆಯುವವರಿಗೆಂದು ಇಲಾಖೆ ಕಟ್ಟಿಸಿದ ಗುಡಿಸಲುಗಳಲ್ಲಿ ಬಹಳಷ್ಟು ಇಂದಿಗೂ ನಿಂತಿವೆ. ಈಗ ಅಲ್ಲಿ ಚಾರಣಿಗರು ಮಲಗುತ್ತಾರೆ. ಅದೇ ತಂತಿ ಸೇತುವೆಗಳಲ್ಲಿ ಹೊಳೆ ದಾಟುತ್ತಾರೆ. ಹವ್ಯಾಸಕ್ಕೆ ಬೇಟೆಯಾಡುವವರು ಈಗಲೂ ಕಾಲ್ನಡಿಗೆಯಲ್ಲಿ ಹೋಗುತ್ತಾರೆ, ಮೂಳೆ ಬಿಡಿಸಿ ಮಾಂಸ ಮಾತ್ರ ಚೀಲಕ್ಕೆ ತುಂಬಿ ಹೊತ್ತು ಇಳಿಯುತ್ತಾರೆ. ಗುಂಡು ಹೊಡೆದ ಮೇಲೆ ಅವರಿಗೂ ಅದೇ ಹಳೆಯ ಲೆಕ್ಕ ಎದುರಾಗುತ್ತದೆ: ರಸ್ತೆ ಎಷ್ಟು ದೂರ, ಹೊಳೆ ಎಷ್ಟು ಆಳ, ಬೆನ್ನು ಎಷ್ಟು ತಾಳೀತು.