ಅಂಗಡಿ ಕಟ್ಟೆ ಎಷ್ಟು ಎತ್ತರ?



ಕೆಳಗೆ ಅಂಗಡಿ, ಮೇಲೆ ಮನೆ ಇರುವ ಹಳೇ ಇಟ್ಟಿಗೆ ಮಹಡಿಗಳ ಫೋಟೋ ಹಾಕಿ "ನಮ್ಮ ಪರಂಪರೆ" ಅಂತ ಬರೆಯೋರು ಈಗ ಬಹಳ. ನಮ್ಮ ಬಳಗಾನೂರು, ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯ ಹಳೇ ಪ್ಯಾಟಿಯೊಳಗೂ ಅಂಗಡಿ ಮನೆ ಅನ್ನೋ ರೀತಿ ಇದ್ದೇ ಇದೆ. ಅಂಥ ಮನೆಯನ್ನು ಬೀದಿ ಕಡೆಯಿಂದ ನೋಡಬೇಕು ಅಂತೀನಿ ನಾನು. ಯಾಕಂದ್ರ ನಮ್ಮವರು ನಿಂತದ್ದು ಅಲ್ಲೇ.

ಮೊದಲು ಕಟ್ಟಡ ನೋಡ್ರಿ. ಬುನಾದಿ, ಕೆಳಗಿನ ಗೋಡೆ ಕಲ್ಲಿಂದು. ಮೇಲಿನ ಅಂತಸ್ತಿಗೆ ಸುಟ್ಟ ಇಟ್ಟಿಗೆ. ಕಲ್ಲಿಗಿಂತ ಹಗುರ, ಕಮಾನು ತಿರುವೋದಕ್ಕೂ ಗೂಡು ಬಿಡೋದಕ್ಕೂ ಸುಲಭ. ನಡುವೆ ತೊಲೆ, ಜಂತಿ. ಸುಣ್ಣ, ಮರಳು ಕೂಡಿಸಿ ಗಾಣದಲ್ಲಿ ಅರೆದ ಗಾರೆ. ಗೋಡೆ ದಪ್ಪ ಇರೋದರಿಂದ ಬ್ಯಾಸಿಗಿಯಲ್ಲೂ ಒಳಗೆ ತಂಪು. ಅಂಗಡಿಗೆ ಒಂದೊಂದಾಗಿ ಸರಿಸಿ ತೆಗೆಯುವ ಹಲಗೆ ಬಾಗಿಲು, ಅದರ ಮುಂದೆ ಕಟ್ಟೆ. ಕಟ್ಟೆ ಎತ್ತರ ಇರೋದಕ್ಕೂ ಕಾರಣ ಇದೆ. ಮಳೆ ನೀರು ಒಳಗೆ ನುಗ್ಗಬಾರದು, ಬಂಡಿಯಿಂದ ಚೀಲ ಸಲೀಸಾಗಿ ಇಳೀಬೇಕು.

ಅದೇ ಕಟ್ಟೆ ಜಾತಿಯನ್ನೂ ಕಾಯ್ತು. ನಮ್ಮ ಕೇರಿಯ ಹಿರಿಯರು ಹೇಳ್ತಾರ: ರೊಕ್ಕ ಕಟ್ಟೆ ಮೇಲೆ ಇಟ್ಟು ಹಿಂದೆ ಸರೀಬೇಕಿತ್ತು. ಉಪ್ಪು, ಬ್ಯಾಳಿ ಮೇಲಿಂದ ಉಡಿಯೊಳಗೆ ಸುರೀತಿದ್ರು. ಮಣ್ಣು ತುಳಿದು ಇಟ್ಟಿಗೆ ಹೊತ್ತವರು, ಮನೆ ಎದ್ದ ಮೇಲೆ ಅದರ ಹೊಸ್ತಿಲು ತುಳಿಯೋ ಹಂಗಿರಲಿಲ್ಲ. ಅಸ್ಪೃಶ್ಯರ ಮೇಲೆ ಹಳ್ಳಿಗಳು ಹೇರಿದ್ದ ಕಟ್ಟಳೆಗಳನ್ನು ಪಟ್ಟಿ ಮಾಡುವಾಗ ಬಾಬಾಸಾಹೇಬರು, ಹೆಂಚಿನ ಮನೆ ಕಟ್ಟಿಕೊಳ್ಳುವುದೂ ಅಪರಾಧವಾಗಿತ್ತು ಎಂದು ಬರೆದಿದ್ದಾರೆ. ಊರು ಮಹಡಿ ಏರಿದಾಗ ಕೇರಿ ಗುಡಿಸಲಲ್ಲೇ ಉಳಿದದ್ದಕ್ಕೆ ಬಡತನವೊಂದೇ ಕಾರಣ ಆಗಿರಲಿಲ್ಲ.

ಎರಡು ತಾರೀಖು ನೆನಪಿಡ್ರಿ. ರಾಯಚೂರು ಸೀಮೆ ಸೇರಿದ್ದ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಶರಣಾದದ್ದು 1948ರ ಸೆಪ್ಟೆಂಬರ್ 17ರಂದು. ಅದೇ ವರ್ಷ ನವೆಂಬರ್ 29ರಂದು, ಅಂಗಡಿ, ಬಾವಿ, ಕೆರೆಗಳಿಗೆ ಯಾರನ್ನೂ ಜಾತಿ ಹೆಸರಲ್ಲಿ ತಡೆಯಬಾರದು ಎನ್ನುವ ವಿಧಿ ಸಂವಿಧಾನ ಸಭೆಯಲ್ಲಿ ಚರ್ಚೆಗೆ ಬಂತು. "ಅಂಗಡಿ ಅಂದ್ರ ಏನೇನು?" ಎಂಬ ಪ್ರಶ್ನೆ ಎದ್ದಾಗ ಬಾಬಾಸಾಹೇಬರು, ಸೇವೆ ಕೊಡಲು ತೆರೆದಿಟ್ಟ ಜಾಗವೆಲ್ಲ ಅಂಗಡಿಯೇ ಎಂಬ ವಿಶಾಲ ಅರ್ಥ ಕೊಟ್ಟರು. ಹಂಗಾಗಿ ಕಿರಾಣಿ ಅಂಗಡಿ ಜೊತೆಗೆ ಕಟಿಂಗ್ ಅಂಗಡಿಯೂ ಅದರೊಳಗೆ ಬಂತು. ಅದೇ ಇವತ್ತಿನ 15(2)ನೇ ವಿಧಿ. ಅಸ್ಪೃಶ್ಯತೆಯನ್ನು ರದ್ದು ಮಾಡಿದ 17ನೇ ವಿಧಿಯನ್ನೂ ಸಭೆ ಒಪ್ಪಿದ್ದು ಅದೇ ದಿನ. ಅಂಗಡಿಗೆ ಬಿಡದಿದ್ದರೆ ಶಿಕ್ಷೆ ಎಂದ ಕಾಯ್ದೆ ಬಂದದ್ದು 1955ರಲ್ಲಿ.

ಹಳೇ ಮನೆಗಳು ಉಳೀಲಿ, ನನ್ನ ತಕರಾರಿಲ್ಲ. ಕಮಾನಿನ ಅಳತೆ ಬರೆಯೋರು ಕಟ್ಟೆ ಕೆಳಗೆ ನಿಂತವರ ಮಾತನ್ನೂ ಬರೀಲಿ. ಆ ಕಾಲ ಕಂಡ ಹಿರಿಯರು ದಿನಕ್ಕೊಬ್ಬರು ಕಮ್ಮಿ ಆಗ್ತಿದ್ದಾರೆ. ಈ ವಾರವೇ ನಿಮ್ಮ ಕೇರಿಯ ಅಜ್ಜ, ಅಮ್ಮನ ಹತ್ರ ಕುಂತು ಕೇಳ್ರಿ, ಬರೆದಿಡ್ರಿ. ಹಂಗೇ ನಿಮ್ಮೂರ ಮೇನ್ ಬಜಾರದಾಗ ಒಮ್ಮೆ ಅಡ್ಡಾಡಿ, ನಮ್ಮವರು ಮಾಲೀಕರಾಗಿ ಗಲ್ಲಾ ಮೇಲೆ ಕುಂತ ಅಂಗಡಿ ಎಷ್ಟಿವೆ, ಎಣಿಸಿ ಬರ್ರಿ.

ಜೈ ಭೀಮ್.