ಮೋಟಾರು ನಗರದ ಕಿಟಕಿ ಪರದೆಗಳು

ಡೆಟ್ರಾಯಿಟ್ ಎಂದೊಡನೆ ನೆನಪಾಗುವುದು ಮೋಟಾರು ಕಾರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಈ ನಗರದ ಕಾರ್ಖಾನೆಗಳು ಕಾರು ಬಿಟ್ಟು ಯುದ್ಧಸಾಮಗ್ರಿ ತಯಾರಿಸಿದವು. 1945ರಲ್ಲಿ ಯುದ್ಧ ಮುಗಿದು ಸೈನಿಕರು ಮರಳಿದಾಗ ಹೊಸ ಮನೆಗಳಿಗೆ ಬೇಡಿಕೆ ಹೆಚ್ಚಿತು. ಆಧುನಿಕ ಶೈಲಿಯ ವಾಸ್ತುಶಿಲ್ಪಿಗಳು ಗೋಡೆಯ ಜಾಗದಲ್ಲಿ ಗಾಜು ಕೂರಿಸತೊಡಗಿದರು. ಆದರೆ ಅಷ್ಟಗಲದ ಗಾಜಿಗೆ ಇಳಿಬಿಡಲು ತಕ್ಕ ಪರದೆ ಎಲ್ಲಿತ್ತು? ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುತ್ತಿದ್ದುದು ಹೂಗೊಂಚಲು, ಬಳ್ಳಿಗಳ ಹಳೆಯ ಮಾದರಿ.

ಈ ಕೊರತೆ ನೀಗಲು ಹೊರಟವರಲ್ಲಿ ರುತ್ ಆಡ್ಲರ್ ಷ್ನೀ ಒಬ್ಬರು. 1923ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಯಹೂದಿ ಕುಟುಂಬವೊಂದರಲ್ಲಿ ಅವರ ಜನನ. ಡ್ಯುಸೆಲ್‌ಡಾರ್ಫ್‌ನಲ್ಲಿ ಕಳೆದ ಬಾಲ್ಯದಲ್ಲಿ ಪ್ರಸಿದ್ಧ ಚಿತ್ರಕಾರ ಪಾಲ್ ಕ್ಲೀ ಮನೆಯವರಿಗೆ ಪರಿಚಿತರಾಗಿದ್ದರು. 1938ರ ನವೆಂಬರ್‌ನಲ್ಲಿ ನಾಜಿಗಳು ಯಹೂದಿಗಳ ಮನೆ, ಅಂಗಡಿಗಳನ್ನು ಧ್ವಂಸ ಮಾಡಿದ ಬಳಿಕ ಕುಟುಂಬ ದೇಶ ತೊರೆದು ಡೆಟ್ರಾಯಿಟ್ ಸೇರಿತು. ರುತ್ 1946ರಲ್ಲಿ ನಗರದ ಬಳಿಯ ಕ್ರ್ಯಾನ್‌ಬ್ರೂಕ್ ಕಲಾ ಅಕಾಡೆಮಿಯಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಆ ದಿನಗಳಲ್ಲಿ ಷಿಕಾಗೊ ಟ್ರಿಬ್ಯೂನ್ ಪತ್ರಿಕೆ ಮನೆಯ ಕೋಣೆಗಳ ವಿನ್ಯಾಸಕ್ಕೆ ಸ್ಪರ್ಧೆ ಏರ್ಪಡಿಸಿತು. ತಾವು ಕಲ್ಪಿಸಿದ ಕೋಣೆಗೆ ಒಪ್ಪುವ ಬಟ್ಟೆ ಪೇಟೆಯಲ್ಲಿ ಸಿಗದೆ ರುತ್ ಪರದೆಯ ವಿನ್ಯಾಸವನ್ನೂ ತಾವೇ ಬರೆದರು. ಅದನ್ನು ಮೆಚ್ಚಿದ ವಾಸ್ತುಶಿಲ್ಪ ಸಂಸ್ಥೆಯೊಂದು ಬಟ್ಟೆಗೇ ಬೇಡಿಕೆ ಸಲ್ಲಿಸಿತು. ಕಾಗದದ ಮೇಲಿದ್ದುದನ್ನು ಬಟ್ಟೆಯ ಮೇಲೆ ಅಚ್ಚು ಹಾಕಲೇಬೇಕಾಯಿತು!

ಅವರು ಆರಿಸಿಕೊಂಡದ್ದು ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ತೆಳು ಜಾಲರಿಯಲ್ಲಿ ಚಿತ್ರದ ಭಾಗ ಬಿಟ್ಟು ಉಳಿದುದನ್ನು ಮುಚ್ಚಿ, ಮೇಲಿಂದ ಬಣ್ಣ ಎಳೆಯುವ ವಿಧಾನವಿದು. ಬಣ್ಣಕ್ಕೊಂದು ಜಾಲರಿ ಬೇಕು. ಒಂದರ ಅಚ್ಚು ಕೊಂಚ ಸರಿದರೂ ಚಿತ್ರ ಕೆಡುತ್ತದೆ. ದೊಡ್ಡ ಗಿರಣಿಯ ಹಂಗಿಲ್ಲದೆ ಕೆಲವೇ ಗಜ ಬಟ್ಟೆಯನ್ನೂ ಅಚ್ಚು ಹಾಕಬಹುದಾದ್ದರಿಂದ ಕಡಿಮೆ ಬಂಡವಾಳದವರಿಗೆ ಇದು ವರವಾಯಿತು. 1947ರ 'ಸ್ಲಿಟ್ಸ್ ಅಂಡ್ ಸ್ಲ್ಯಾಟ್ಸ್' ಅವರ ಹೆಸರಾಂತ ವಿನ್ಯಾಸಗಳಲ್ಲೊಂದು. ಬೀಜ, ಕಳೆಗಿಡ, ಸೂಜಿ, ಗುಂಡುಪಿನ್ನುಗಳೂ ಅವರ ಕೈಯಲ್ಲಿ ಚಿತ್ತಾರಗಳಾದವು.

1948ರಲ್ಲಿ ಎಡ್ವರ್ಡ್ ಷ್ನೀ ಅವರನ್ನು ಮದುವೆಯಾದ ರುತ್, ಪತಿಯೊಡನೆ ಡೆಟ್ರಾಯಿಟ್‌ನಲ್ಲಿ ಅಂಗಡಿ ನಡೆಸಿದರು. ಪರದೆಯ ಜತೆಗೆ ಆಧುನಿಕ ಪೀಠೋಪಕರಣವನ್ನೂ ಅಲ್ಲಿ ಮಾರುತ್ತಿದ್ದರು. ಏರೊ ಸಾರಿನೆನ್ ರೂಪಿಸಿದ ಜನರಲ್ ಮೋಟಾರ್ಸ್ ತಾಂತ್ರಿಕ ಕೇಂದ್ರದ ಕೆಲಸದಲ್ಲೂ ರುತ್ ಪಾಲ್ಗೊಂಡರು. ಕಾರು ತಯಾರಿಸುವ ಊರಿನ ದೊಡ್ಡ ಉದ್ಯಮಕ್ಕೂ ಅವರ ಕೆಲಸ ಬೇಕಾಯಿತು.

1970ರ ದಶಕದಲ್ಲಿ ಅಂಗಡಿ ಮುಚ್ಚಿತಾದರೂ ವಿನ್ಯಾಸಗಳು ಮೂಲೆ ಸೇರಲಿಲ್ಲ. 1990ರ ದಶಕದಲ್ಲಿ ಅವು ನೇಯ್ಗೆಯ ರೂಪದಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. 2015ರಲ್ಲಿ ಕ್ರೆಸ್ಗೆ ಪ್ರತಿಷ್ಠಾನ ರುತ್ ಅವರನ್ನು ಗೌರವಿಸಿತು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ವಯಸ್ಸು 99. ನಿರಾಶ್ರಿತಳಾಗಿ ಬಂದ ಹುಡುಗಿಯೊಬ್ಬಳು ಆಸರೆ ಕೊಟ್ಟ ಊರಿನ ಕಿಟಕಿಗಳಿಗೆ ಹೊಸ ಬಣ್ಣ ತಂದ ಕಥೆ ಇದು.